ಹನ್ನೊಂದು ಅಡಿ

ಇಪ್ಪತ್ನಾಲ್ಕು ಬಾಗಿಲುಗಳಲ್ಲಿ ಇಪ್ಪತ್ಮೂರು ಹೇಳಿದ ಮಾತು ಕೇಳುತ್ತಿದ್ದವು. ಕೊನೆಯದೊಂದು ಮಾತ್ರ ಹಟ ಹಿಡಿದಿತ್ತು.

ನೆಲದಡಿಯ ಆ ಹಳೆಯ ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಅಂಚಿಗೆ ಉದ್ದಕ್ಕೂ ಗಾಜಿನ ಗೋಡೆ ಎಬ್ಬಿಸುವ ಕೆಲಸ ಐದು ತಿಂಗಳಿಂದ ನಡೆದಿತ್ತು. ರೈಲಿನ ಬಾಗಿಲುಗಳು ಬಂದು ನಿಲ್ಲುವ ಕಡೆಯಲ್ಲೆಲ್ಲ ಗಾಜಿನ ಗೋಡೆಗೂ ಒಂದೊಂದು ಬಾಗಿಲು. ರೈಲು ಬಂದು ಪೂರ್ತಿ ನಿಂತ ಮೇಲಷ್ಟೇ ಅವು ಸರಿದು ತೆರೆಯುತ್ತವೆ, ಹೊರಡುವ ಮೊದಲು ಮುಚ್ಚುತ್ತವೆ. ಇನ್ನು ಯಾರೂ ಹಳಿಗೆ ಬೀಳುವ ಪ್ರಶ್ನೆಯೇ ಇಲ್ಲ. ಆದರೆ ಎಲ್ಲಕ್ಕೂ ರುಜು ಬೀಳುವ ತನಕ, ಪರೀಕ್ಷೆಯ ಹೊತ್ತು ಬಿಟ್ಟರೆ, ಅವನ್ನು ತೆರೆದೇ ಇಟ್ಟಿದ್ದರು. ಆ ಬಾಗಿಲುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಸರಿಯಿದೆ ಎಂದು ರುಜು ಹಾಕಬೇಕಾದವಳು ಒಬ್ಬ ಹೆಂಗಸು. ನಲವತ್ತೆರಡು ವರ್ಷ, ಗಟ್ಟಿ ಕೈ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್. ಜೊತೆ ಕೆಲಸದವರು ಅವಳನ್ನು ಬಾಗಿಲಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳೂ ಓಗೊಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಗಾಜಿಗೂ ರೈಲಿಗೂ ನಡುವೆ ಗೇಣಗಲದ ಜಾಗ ಉಳಿಯುತ್ತದೆ. ಅಲ್ಲಿ ಯಾರೂ ಸಿಕ್ಕಿಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳಲು ಪ್ರತಿ ಬಾಗಿಲಿಗೂ ಒಂದು ವಿದ್ಯುತ್ ಕಣ್ಣು ಇರುತ್ತದೆ. ರೈಲುಗಳು ಒಳಗೆ ನುಗ್ಗುವ ಸುರಂಗದ ಬಾಯಿಗೆ ಅಂಟಿಕೊಂಡಂತಿದ್ದ ಇಪ್ಪತ್ನಾಲ್ಕನೇ ಬಾಗಿಲಿನ ಕಣ್ಣು, ಪ್ರತಿ ಸಲ ರೈಲು ಬರುವಾಗಲೂ ಕೆಂಪಾಗುತ್ತಿತ್ತು. ಫಲಕದ ಮೇಲೆ ಎರಡೇ ಪದ ಮೂಡುತ್ತಿದ್ದವು: ವ್ಯಕ್ತಿ ಪತ್ತೆ.

ಅಲ್ಲಿ ಯಾರೂ ಇರುತ್ತಿರಲಿಲ್ಲ.

ಬಾಗಿಲಕ್ಕ ಕಣ್ಣು ಬದಲಾಯಿಸಿದಳು. ತಂತಿ ಬದಲಾಯಿಸಿದಳು. ಒಂಬತ್ತನೇ ಬಾಗಿಲಿನ ಕಣ್ಣನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹಾಕಿ ನೋಡಿದಳು. ಒಂಬತ್ತರಲ್ಲಿ ಅದು ಸಾಧುವಾಗಿ ಕೂತಿತು. ಇಲ್ಲಿಗೆ ಬಂದದ್ದು ಮೊದಲ ರೈಲಿಗೇ ಕೆಂಪಾಯಿತು.

"ಬಾಗಿಲಕ್ಕಾ, ಕಣ್ಣಿಗೇ ಕಣ್ಣು ಬಿದ್ದಿದೆ ಕಣ್ರೀ," ಎಂದ ದೀಪದ ಕೆಲಸದವನು. ಎಲ್ಲರೂ ನಕ್ಕರು. ಆದರೆ ಮಾರನೆಯ ದಿನದಿಂದ ಅವನು ಆ ತುದಿಯ ದೀಪಕ್ಕೆ ಏಣಿ ಹಾಕುವ ಕೆಲಸವನ್ನು ಏನೋ ಒಂದು ನೆಪ ತೆಗೆದು ಮುಂದೂಡುತ್ತಲೇ ಹೋದ. ಉಳಿದವರೂ ಅಷ್ಟೇ. ಊಟದ ಡಬ್ಬಿ ಬಿಚ್ಚಲು ಮೊದಲು ಅವರೆಲ್ಲ ಸುರಂಗದ ಪಕ್ಕದ ಬೆಂಚಿಗೇ ಹೋಗುತ್ತಿದ್ದರು, ಅಲ್ಲಿ ತಣ್ಣಗೆ ಗಾಳಿ ಬೀಸುತ್ತದೆಂದು. ಈಗ ಮೆಟ್ಟಿಲ ಹತ್ತಿರ ಸೆಕೆಯಲ್ಲೇ ಒತ್ತೊತ್ತಾಗಿ ಕೂರತೊಡಗಿದರು.

ಆ ತುದಿ ಹಾಗೆಂದು ಖಾಲಿ ಬೀಳಲಿಲ್ಲ. ದಿನಾ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಬೂದು ಕೋಟಿನ ಒಬ್ಬ ಹೆಂಗಸು ಮೆಟ್ಟಿಲಿಳಿದು ಬರುತ್ತಿದ್ದಳು. ಐವತ್ತರ ಆಸುಪಾಸು. ಕೆಲವು ದಿನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿರುತ್ತಿತ್ತು. ಹೊಲಿಗೆಯ ಕೆಲಸದ ನಡುವೆ ಎದ್ದು ಬಂದವಳು ಎಂದು ಯಾರಿಗಾದರೂ ತಿಳಿಯುವಂತಿತ್ತು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಕೊನೆಯ ಕಂಬದ ಪಕ್ಕ ನಿಲ್ಲುತ್ತಿದ್ದಳು. ರೈಲು ಬರುತ್ತಿತ್ತು, ಹೋಗುತ್ತಿತ್ತು, ಅವಳು ಹತ್ತುತ್ತಿರಲಿಲ್ಲ. ಯಾರಾದರೂ ಆ ತುದಿಯಲ್ಲಿ ಅಂಚಿಗೆ ಹತ್ತಿರವಾದರೆ, "ಸ್ವಲ್ಪ ಹಿಂದೆ ಬನ್ನಿ, ಇಲ್ಲಿ ರೈಲು ಜೋರಾಗಿ ಬರುತ್ತೆ," ಎಂದು ಮೆಲ್ಲಗೆ ಹೇಳುತ್ತಿದ್ದಳು. ಕೆಲವರು ಬರುತ್ತಿದ್ದರು. ಕೆಲವರು ಮೊಬೈಲಿನಿಂದ ತಲೆಯೆತ್ತಿ ಅವಳನ್ನು ದುರುಗುಟ್ಟಿ, ಆಮೇಲೆ ಹಿಂದೆ ಸರಿಯುತ್ತಿದ್ದರು. ಒಂದು ಗಂಟೆ ಹಾಗೆ ನಿಂತು ಬಂದ ದಾರಿಯಲ್ಲೇ ವಾಪಸಾಗುತ್ತಿದ್ದಳು.

ಬಾಗಿಲಕ್ಕನಿಗೆ ಅನುಮಾನ ಬಂತು. ಇಂಥ ಕೆಲಸದಲ್ಲಿರುವವರಿಗೆ ರೈಲು ಹತ್ತದೆ ಅಂಚಿನಲ್ಲಿ ನಿಲ್ಲುವವರನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಅವಳು ನೇರ ಸ್ಟೇಷನ್ ಮಾಸ್ತರರ ಕೋಣೆಗೆ ಹೋದಳು.

ಮಾಸ್ತರರದು ನಿವೃತ್ತಿಗೆ ಎರಡು ವರ್ಷ ಉಳಿದ ಜೀವ. ಮೆಟ್ಟಿಲಿನ ಕೆಳಗಿನ ಇಳಿಜಾರು ಚಾವಣಿಯ ಕೋಣೆಯಲ್ಲಿ ಮೂವತ್ತೇಳು ವರ್ಷ ತಲೆ ತಗ್ಗಿಸಿ ಕೂತು, ಬಯಲಿನಲ್ಲೂ ತಲೆ ತಗ್ಗಿಸಿಯೇ ನಡೆಯುವ ಮನುಷ್ಯ.

"ಅವಳ ಬಗ್ಗೆ ಹೆದರ್ಕೋಬೇಡಿ," ಎಂದರು. "ಕೂತ್ಕೊಳ್ಳಿ. ಚಹಾ ಕುಡೀತೀರಾ? ಅವಳು ಹತ್ತೊಂಬತ್ತು ವರ್ಷದಿಂದ ಬರ್ತಿದ್ದಾಳೆ. ನನ್ನ ಸಿಬ್ಬಂದಿ ಕೂಡ ಅಷ್ಟು ಸರಿಯಾಗಿ ಡ್ಯೂಟಿಗೆ ಬರಲ್ಲ."

"ಯಾಕೆ ಬರ್ತಾರೆ ಮಾಸ್ಟ್ರೇ?"

ಅವರು ಎದ್ದು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದರು. "ನಾನು ಸೇರಿದಾಗ ಇಲ್ಲಿ ಏನಿತ್ತು ಗೊತ್ತಾ? ಒಂದು ಬಿಳಿ ಗೆರೆ. ಅಷ್ಟೇ. ಗೆರೆ ದಾಟ್ಬೇಡಿ ಅಂತ ಕಿರುಚೋಕೆ ನಾನು. ಆಮೇಲೆ ಒಬ್ಬ ಮೇಷ್ಟ್ರು ಬಿದ್ರು, ಕಣ್ಣು ಕಾಣದವರು. ಕೋಲಿಗೆ ಬಿಳಿ ಗೆರೆ ಗೊತ್ತಾಗುತ್ತಾ ಹೇಳಿ? ಅವರು ಹೋದ ಮೇಲೆ ಹಳದಿ ಹಲಗೆ ಬಂತು, ಗುಬುಟು ಗುಬುಟು, ಕಾಲಿಗೆ ತಿಳೀಲಿ ಅಂತ. ಅದಕ್ಕಿಂತ ಮುಂಚೆ ಗುಂಡಿ. ಎರಡು ಗುಂಡಿ ಒಟ್ಟಿಗೆ ಬಂತು ನಮಗೆ. ಒಂದು ಗೋಡೆ ಮೇಲೆ, ಕೆಂಪುದು, ಒತ್ತಿದ್ರೆ ಕರೆಂಟ್ ಹೋಗಿ ರೈಲು ನಿಲ್ಲುತ್ತೆ. ಇನ್ನೊಂದು ಹಳಿ ನಡುವೆ. ಮೊದಲನೇದನ್ನ ಒತ್ತೋದು, ಎರಡನೇದ್ರಲ್ಲಿ ಬೀಳೋದು." ಅವರು ತಮ್ಮ ಹಳೆಯ ಹಾಸ್ಯಕ್ಕೆ ತಾವೇ ಸ್ವಲ್ಪ ನಕ್ಕು ಗಂಭೀರರಾದರು. "ಆ ಹಳಿ ನಡುವಿನದು ಮೊದಲು ಬೇರೆ ಸ್ಟೇಷನ್‌ಗಳಲ್ಲಿ ನೀರು ಹರಿಯೋಕೆ ಅಂತ ತೋಡಿದ್ದು. ಅಲ್ಲಿ ಬಿದ್ದವರು ಅದರೊಳಗೆ ಮಲಗಿ ಬಿಡ್ತಿದ್ರು, ರೈಲು ಮೇಲೆ ಹೋದ್ರೂ ಜೀವ ಉಳೀತಿತ್ತು. ಆಮೇಲೆ ಎಲ್ಲಾ ಕಡೆ ತೋಡಿ ಅಂತ ಹುಕುಂ ಬಂತು. ಇಲ್ಲಿ ತೋಡಿದ್ದು ಮೂವತ್ತೊಂದು ವರ್ಷದ ಹಿಂದೆ."

"ಗೊತ್ತು ಮಾಸ್ಟ್ರೇ," ಎಂದಳು ಬಾಗಿಲಕ್ಕ ಹೆಮ್ಮೆಯಿಂದ. "ತೋಡಿದ ತಂಡಕ್ಕೆ ಮೇಸ್ತ್ರಿ ನಮ್ಮಪ್ಪ."

"ಹೌದಾ! ಗುಂಡಿ ಮೇಸ್ತ್ರಿ ಮಗಳಾ ನೀವು? ಮೊದಲೇ ಹೇಳೋದಲ್ವಾ!" ಮಾಸ್ತರರ ಮುಖ ಅರಳಿತು. "ಅವರ ಪುಣ್ಯದಿಂದ ಆರು ಜನ ಎದ್ದು ಮನೆಗೆ ಹೋಗಿದ್ದಾರೆ. ನಾನೇ ಕೈ ಹಿಡಿದು ಮೇಲೆ ಎಳೆದಿದ್ದೀನಿ. ಒಬ್ಬಳು ತನ್ನ ಚಪ್ಪಲಿ ಎಲ್ಲಿ ಅಂತ ನನ್ನ ಮೇಲೇ ಜಗಳಕ್ಕೆ ಬಂದ್ಲು."

ಆಮೇಲೆ ಅವರು ಪುಸ್ತಕದಲ್ಲಿ ಒಂದು ಪುಟ ತೆರೆದು ಅವಳ ಮುಂದೆ ಇಟ್ಟರು. ಗಡಿಯಾರ ರಿಪೇರಿ ಮಾಡುತ್ತಿದ್ದ ಇಪ್ಪತ್ತಾರರ ಹುಡುಗ. ಮಧ್ಯಾಹ್ನ ಮೂರು ಹತ್ತು. ಸುರಂಗದ ಬಾಯಿಯ ತುದಿ. ಕೆಳಗೆ ವಿಚಾರಣೆಯ ತೀರ್ಮಾನ ಟೈಪ್ ಮಾಡಿತ್ತು: ಹಳಿಗಳ ನಡುವೆ ಪೂರ್ಣ ಉದ್ದಕ್ಕೂ ರಕ್ಷಣಾ ಕಂದಕ ಇದ್ದು, ಆಕಸ್ಮಿಕವಾಗಿ ಬಿದ್ದವರು ಅದರಲ್ಲಿ ಆಶ್ರಯ ಪಡೆಯಲು ಸಾಧ್ಯವಿದ್ದುದರಿಂದ, ಮೃತರು ಉದ್ದೇಶಪೂರ್ವಕವಾಗಿ ಹಳಿಗೆ ಇಳಿದಿದ್ದಾರೆಂದು ನಿರ್ಣಯಿಸಲಾಗಿದೆ.

"ಇವಳು ಅವನ ಅಕ್ಕ," ಎಂದರು ಮಾಸ್ತರರು. "ಅವನಿಗೆ ಜ್ವರ ಇತ್ತು, ಅಂಗಡಿಯವರೇ ಮನೆಗೆ ಕಳ್ಸಿದ್ರು, ತಲೆ ಸುತ್ತಿ ಬಿದ್ದಿರ್ತಾನೆ ಅಂತ ಬಡ್ಕೊಂಡ್ಲು. ಯಾರು ಕೇಳ್ತಾರೆ? ಗುಂಡಿ ಇತ್ತಲ್ಲ, ಅದಕ್ಕೆ ಯಾಕೆ ಇಳೀಲಿಲ್ಲ ಅಂದ್ರು. ಅವರಮ್ಮ ಮಗ ತಾನಾಗೇ ಹೋದ ಅನ್ಕೊಂಡೇ ಸತ್ರು. ಅವತ್ತಿಂದ ಇವಳು ಬಂದು ಆ ಜಾಗ ಕಾಯ್ತಾಳೆ. ಇನ್ನೊಬ್ರು ಬೀಳ್ಬಾರ್ದು ಅಂತ."

ಬಾಗಿಲಕ್ಕ ಆ ಪುಟವನ್ನು ಮತ್ತೊಮ್ಮೆ ಓದಿದಳು. ಹೊರಗೆ ಒಂದು ರೈಲು ಬಂದು ಹೋಯಿತು. ಫಲಕದ ಮೇಲೆ ಕೊನೆಯ ಬಾಗಿಲಿನ ದೀಪ ಕೆಂಪಾಗಿದ್ದುದನ್ನು ಅವಳು ಕೋಣೆಯ ಕಿಟಕಿಯಿಂದಲೇ ನೋಡಿದಳು. ಕಂಬದ ಪಕ್ಕ ಬೂದು ಕೋಟು ನಿಂತಿತ್ತು, ಗಾಜಿನಿಂದ ನಾಲ್ಕು ಹೆಜ್ಜೆ ಹಿಂದೆ. ಅಷ್ಟು ದೂರಕ್ಕೆ ಆ ಕಣ್ಣಿನ ನೋಟ ಹೋಗುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಹೆಜ್ಜೆಗಳನ್ನು ಮತ್ತೊಮ್ಮೆ ಎಣಿಸಿದಳು.

ಕಣ್ಣಿನಲ್ಲಿ ದೋಷವಿಲ್ಲ, ತಂತಿಯಲ್ಲಿ ದೋಷವಿಲ್ಲ. ಹಾಗಾದರೆ ಉಳಿದದ್ದು ನೆಲ. ರೈಲು ನುಗ್ಗುವಾಗ ಆ ಮೂಲೆ ಬೇರೆ ಕಡೆಗಿಂತ ಹೆಚ್ಚು ಅದುರುತ್ತಿರಬೇಕು. ಅದುರಿದರೆ ಕಣ್ಣು ತಪ್ಪಾಗಿ ನೋಡುತ್ತದೆ. ಆದರೆ ಅಲ್ಲೊಂದೇ ಕಡೆ ಯಾಕೆ ಅದುರಬೇಕು? ಇದನ್ನು ಮೇಲಿನಿಂದ ನೋಡಿ ತಿಳಿಯುವಂತಿರಲಿಲ್ಲ.

ದುರಸ್ತಿಗಾಗಿ ಭಾನುವಾರ ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಆ ಮಾರ್ಗ ಬಂದ್. ಕರೆಂಟ್ ತೆಗೆದದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡು ಬಾಗಿಲಕ್ಕ ಟಾರ್ಚು ಹಿಡಿದು ಹಳಿಗೆ ಇಳಿದಳು. ದೀಪದವನು ಮೇಲೆ ನಿಂತ. ಕೆಳಗೆ ಬರಲು ಅವನಿಗೆ ಅಂದು ಮೊಣಕಾಲು ನೋವು.

ಅವಳು ಹಳಿಗಳ ನಡುವಿನ ಗುಂಡಿಯಲ್ಲೇ ನಡೆಯುತ್ತ ಹೋದಳು. ತೊಡೆಯ ಮಟ್ಟದ ಆಳ, ಮಲಗಿದವರ ಮೈ ಹಿಡಿಯುವಷ್ಟು ಅಗಲ. ಗೋಡೆಗಳಿಗೆ ಕಪ್ಪು ಮಸಿ ಮೆತ್ತಿತ್ತು. ಅಪ್ಪನ ಕೈ ಮುಟ್ಟಿದ ಗೋಡೆ ಎಂದು ಅವಳು ಬೆರಳಾಡಿಸಿಕೊಂಡೇ ನಡೆದಳು. ಅಂಚು ಎಲ್ಲೂ ಸೊಟ್ಟಗಿರಲಿಲ್ಲ. ಹತ್ತೊಂಬತ್ತನೇ ಬಾಗಿಲು, ಇಪ್ಪತ್ತು, ಇಪ್ಪತ್ತೊಂದು ದಾಟಿದವು. ಇಪ್ಪತ್ಮೂರರ ಕೆಳಗೆ ಬರುವಷ್ಟರಲ್ಲಿ ಅವಳ ಮೊಣಕಾಲು ಏನಕ್ಕೋ ಬಡಿಯಿತು. ಟಾರ್ಚು ತಗ್ಗಿಸಿದಳು.

ಗುಂಡಿ ಅಲ್ಲಿಗೆ ಮುಗಿದಿತ್ತು.

ಮುಂದೆ ಸುರಂಗದ ಬಾಯಿಯವರೆಗೆ ಹಳಿಗಳ ನಡುವೆ ಇದ್ದದ್ದು ಸಪಾಟು ಕಾಂಕ್ರೀಟು. ಅದಕ್ಕೂ ಅದೇ ಮಸಿ ಹಿಡಿದಿದ್ದರಿಂದ, ಆ ತುದಿಯ ಕತ್ತಲೆಯಲ್ಲಿ ಮೇಲಿನಿಂದ ನೋಡುವವರಿಗೆ ಎಲ್ಲ ಒಂದೇ ಕಪ್ಪು. ಅವಳು ಅದರ ಮೇಲೆ ಹತ್ತಿ ನಿಂತಳು. ಹಳಿ ಅವಳ ಹಿಮ್ಮಡಿಗಿಂತ ಸ್ವಲ್ಪ ಮೇಲಿತ್ತು. ಇಲ್ಲಿ ಬಿದ್ದವರಿಗೆ ಅಡಗಿಕೊಳ್ಳಲು ಏನಿದೆ ಎಂದು ಸುತ್ತ ನೋಡಿದಳು. ಏನೂ ಇರಲಿಲ್ಲ. ಒಂದು ಬೆಕ್ಕಿಗೂ ಜಾಗವಿರಲಿಲ್ಲ.

ಟೇಪು ಬಿಚ್ಚಿ ಅಳೆದಳು. ಹನ್ನೊಂದು ಅಡಿ ಎರಡು ಇಂಚು.

ಆಗ ಸುರಂಗದ ಒಳಗಿನಿಂದ ಗಾಳಿ ಬಂತು. ರೈಲು ಬರುವ ಮುನ್ನ ಬೀಸುವಂಥದೇ ಗಾಳಿ, ಅವಳ ಮುಖಕ್ಕೆ. ಆ ಹೊತ್ತಿನಲ್ಲಿ ಇಡೀ ಮಾರ್ಗದಲ್ಲಿ ಒಂದು ರೈಲೂ ಇರಲಿಲ್ಲ. ಅವಳು ಟೇಪು ಸುತ್ತದೆ, ಹಾಗೇ ಎಳೆದುಕೊಂಡು, ಏಣಿಯ ತನಕ ಹೆಚ್ಚುಕಡಿಮೆ ಓಡಿದಳು.

"ಏನಾಯ್ತಕ್ಕಾ?" ಎಂದ ದೀಪದವನು.

"ಏನಿಲ್ಲ. ಕಾಲು ಎಡವಿತು," ಎಂದಳು.

ಮಾಸ್ತರರ ಕಪಾಟಿನಲ್ಲಿ ಆ ಕಾಮಗಾರಿಯ ನಕ್ಷೆ ಇತ್ತು. ಮಡಿಕೆ ಬಿಚ್ಚಿದರೆ ಪುಡಿಪುಡಿಯಾಗುವ ಕಾಗದ. ಗುಂಡಿಯನ್ನು ಸೂಚಿಸುವ ನೀಲಿ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ತುಂಡಾಗದೆ ಹೋಗಿತ್ತು. ಕೆಳಗೆ 'ಪೂರ್ಣ ಉದ್ದಕ್ಕೂ ಮುಗಿದಿದೆ' ಎಂಬ ಒಕ್ಕಣೆ. ಅದರಡಿ ಎರಡು ರುಜು. ಒಂದು ಎಂಜಿನಿಯರರದು, ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಇನ್ನೊಂದು ರುಜುವಿನ ಬಾಗಿದ ಅಕ್ಷರಗಳನ್ನು ಅವಳು ಯಾರ ಸಹಾಯವೂ ಇಲ್ಲದೆ ಗುರುತಿಸಿದಳು. ಶಾಲೆಯ ಪ್ರತಿ ಅಂಕಪಟ್ಟಿಯ ಮೇಲೂ ಆ ಅಕ್ಷರಗಳಿದ್ದವು.

ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಮೂರನೇ ಮಹಡಿಯ ಎರಡು ಕೋಣೆಯ ಮನೆ; ಅವಳು, ಅಪ್ಪ ಇಬ್ಬರೇ. ಅಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ತೊಡೆಯ ಮೇಲಿದ್ದ ಎರಡೂ ಕೈಗಳು ಅಲುಗುತ್ತಿದ್ದವು, ಒಂದು ಮೇಲೆ ಒಂದು ಕೆಳಗೆ, ಎತ್ತಿ ಹಿಂದಕ್ಕೆ ಎಸೆಯುವ ಹಾಗೆ. ವರ್ಷಾನುಗಟ್ಟಲೆ ನೋಡಿದ್ದಳು ಅದನ್ನು. ನಿದ್ದೆಯಲ್ಲೂ ಕೆಲಸ ಬಿಡದ ಮನುಷ್ಯ ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಎಷ್ಟೇ ದೂರವಾದರೂ ಬಸ್ಸಿನಲ್ಲಿ, ಇಲ್ಲವೇ ನಡೆದೇ ಹೋಗುತ್ತಿದ್ದ. ನೆಲದಡಿಯ ರೈಲು ಹತ್ತುತ್ತಿರಲಿಲ್ಲ. ಧೂಳಿಗೆ ಎದೆ ಕಟ್ಟುತ್ತದೆ ಎನ್ನುತ್ತಿದ್ದ. ಅದನ್ನೂ ಅವರು ನಂಬಿದ್ದರು.

ಅವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಸದ್ದಿಗೆ ಅವನಿಗೆ ಎಚ್ಚರವಾಯಿತು.

"ಅಪ್ಪಾ, ಆ ತುದೀಲಿ ಹನ್ನೊಂದು ಅಡಿ ಯಾಕೆ ಬಿಟ್ಟೆ?"

ಅಪ್ಪ ಅವಳನ್ನು ನೋಡಿದ. ಕನ್ನಡಕ ಹುಡುಕಿ ಹಾಕಿಕೊಂಡ.

"ಹನ್ನೊಂದು ಅಡಿ ಎರಡು ಇಂಚು," ಎಂದ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಎರಡು ಇಂಚನ್ನೂ ಅವನು ಮರೆತಿರಲಿಲ್ಲ.

"ಅಲ್ಲಿ ಕೆಳಗೆ ಹಳೇ ಕಾಂಕ್ರೀಟು," ಎಂದ ಅಪ್ಪ. "ಕಲ್ಲಿನ ಥರ. ಅದರೊಳಗೆ ನೀರಿನ ಪೈಪು ಬೇರೆ. ನಾಲ್ಕು ದಿನ ಕೊಡಿ ಸ್ವಾಮಿ ಅಂದೆ. ಸ್ಟೇಷನ್ ಮತ್ತೆ ತೆರೆಯೋ ತಾರೀಕು ಪೇಪರಿನಲ್ಲಿ ಬಂದಾಗಿದೆ ಅಂದ್ರು. ಆಗ ನಾಲ್ಕೇ ಬೋಗಿ ರೈಲಿಗೆ, ಆ ತುದಿಗೆ ಬೋಗಿ ಬರ್ತಾನೇ ಇರ್ಲಿಲ್ಲ. ಅಲ್ಲಿ ಯಾವನು ನಿಲ್ತಾನೆ, ಹಾಕು ಸೈನು ಅಂದ್ರು. ಹಾಕಿದೆ."

"ಆಮೇಲೆ ಆರು ಬೋಗಿ ಮಾಡಿದ್ರಲ್ಲ."

"ಮಾಡಿದ್ರು. ಆಗ ಹೋದೆ ಆಫೀಸಿಗೆ. ಹೇಳೋಣ ಅಂತಾನೇ ಹೋದೆ. ಮೆಟ್ಟಿಲ ತನಕ ಹೋದೆ ಪುಟ್ಟಿ. ನಿಮ್ಮಮ್ಮನಿಗೆ ಹುಷಾರಿರಲಿಲ್ಲ, ಕೆಲಸ ಹೋದ್ರೆ ಏನು ಗತಿ ಅನ್ನಿಸ್ತು. ನಾಳೆ ಹೇಳಿದ್ರಾಯ್ತು ಅಂತ ತಿರುಗಿ ಬಂದೆ. ಆ ನಾಳೆ ಬರ್ಲೇ ಇಲ್ಲ. ಎಂಟು ತಿಂಗಳಿಗೆ ಆ ಹುಡುಗ ಬಿದ್ದ."

"ಬಿದ್ದ ಅಂತ ನೀನು ಹೇಳ್ತೀಯ. ಅವರು ಏನು ಬರೆದಿದ್ದಾರೆ ಗೊತ್ತಾ?"

ಅಪ್ಪನಿಗೆ ಗೊತ್ತಿರಲಿಲ್ಲ. ಹುಡುಗ ಸತ್ತದ್ದಷ್ಟೇ ಅವನಿಗೆ ಗೊತ್ತು. ಅದರಾಚೆ ಏನನ್ನೂ ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಅವಳು ಆ ಸಾಲುಗಳನ್ನು ನೆನಪಿನಿಂದ ಹೇಳಿದಳು. ಗುಂಡಿ ಇತ್ತು, ಆದ್ದರಿಂದ ಅವನು ತಾನಾಗೇ ಇಳಿದ. ಅಕ್ಕ ಬಡಿದುಕೊಂಡರೂ ಕೇಳಲಿಲ್ಲ. ತಾಯಿ ಅದನ್ನೇ ನಂಬಿ ಸತ್ತಳು. ಅಕ್ಕ ಇಂದಿಗೂ ದಿನಾ ಬಂದು ಆ ಜಾಗ ಕಾಯುತ್ತಾಳೆ.

ಅಪ್ಪ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಗೆ, "ನನ್ನ ಸೈನು ಅವನನ್ನ ಎರಡು ಸಲ ಕೊಂದಿತು," ಎಂದ. ಎದ್ದು ನಿಂತು ಗೋಡೆ ಹಿಡಿದುಕೊಂಡ. "ಆ ಹೆಣ್ಮಗಳು ದಿನಾ ಬರ್ತಾಳೆ ಅಂದ್ಯಲ್ಲ. ಎಷ್ಟು ಹೊತ್ತಿಗೆ?"

ಮಾರನೆಯ ದಿನ ಬಾಗಿಲಕ್ಕ ಮೊದಲು ಎಂಜಿನಿಯರ್ ಸಾಹೇಬರ ಹತ್ತಿರ ಹೋದಳು. ಸಾಹೇಬರು ಕೆಟ್ಟವರಲ್ಲ. ಬಾಗಿಲುಗಳ ಉದ್ಘಾಟನೆಗೆ ಹದಿನೈದು ದಿನ ಉಳಿದಿತ್ತು, ಅವರಿಗೆ ಮೂರು ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ.

"ಗಾಜು ಬಂದ ಮೇಲೆ ಇನ್ನು ಗುಂಡಿ ಯಾಕ್ರೀ?" ಎಂದರು. "ಯಾರೂ ಬೀಳೋದೇ ಇಲ್ಲ. ಹಳೇದನ್ನೆಲ್ಲ ಯಾಕೆ ಅಗೀತೀರಿ?"

"ಬಾಗಿಲು ಯಾವತ್ತೂ ಕೆಡಲ್ಲ ಅಂತ ಬರೆದು ಕೊಡ್ತೀರಾ ಸಾರ್?"

"ಅದು ಹೇಗೆ ಬರೆಯೋಕೆ ಆಗುತ್ತೆ?"

"ಹಾಗಿದ್ರೆ ಇಪ್ಪತ್ನಾಲ್ಕಕ್ಕೆ ನಾನೂ ಸೈನ್ ಹಾಕಲ್ಲ ಸಾರ್. ಅಲ್ಲಿ ಮಾತ್ರ ಗಟ್ಟಿ ಕಾಂಕ್ರೀಟು, ಅದಕ್ಕೇ ರೈಲಿನ ಪೆಟ್ಟೆಲ್ಲ ನೇರ ಗೋಡೆಗೆ ಬರ್ತಿದೆ. ನೆಲ ಸರಿ ಮಾಡದೆ ಕಣ್ಣು ಸರಿ ಆಗಲ್ಲ. ಸುಮ್ನೆ ಸೈನ್ ಹಾಕಿದವರ ಮನೇಲಿ ನಾನು ಬೆಳೆದಿದ್ದೀನಿ. ಏನಾಗುತ್ತೆ ಅಂತ ನೋಡಿದ್ದೀನಿ."

ಕೊನೆಯ ಮಾತು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಉದ್ಘಾಟನೆಯ ತಾರೀಕಿನ ಮೇಲೆ ಒಂದು ಗೆರೆ ಎಳೆದರು.

ಆ ಮಧ್ಯಾಹ್ನ ಅಪ್ಪ ಬಸ್ಸಿನಲ್ಲಿ ಬಂದ. ಒಗೆದ ಅಂಗಿ ಹಾಕಿದ್ದ, ಕೂದಲು ನೀರು ಹಚ್ಚಿ ಬಾಚಿದ್ದ. ಮೆಟ್ಟಿಲ ತಲೆಯಲ್ಲಿ ಕಂಬಿ ಹಿಡಿದು ನಿಂತವನು ಹತ್ತು ನಿಮಿಷ ಕಾಲು ಕೀಳಲಿಲ್ಲ. ಜನ ಅವನನ್ನು ಬಳಸಿಕೊಂಡು ಇಳಿದು ಹೋದರು. ಬಾಗಿಲಕ್ಕ ತೋಳು ಹಿಡಿದಳು. ಅವನು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿದ.

ಹೊಲಿಗೆಯವಳು ಕಂಬದ ಪಕ್ಕ ನಿಂತಿದ್ದಳು. ಅಪ್ಪ ಮೂರು ಹೆಜ್ಜೆ ದೂರದಲ್ಲಿ ನಿಂತುಬಿಟ್ಟ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು.

"ತಾಯೀ," ಎಂದ. "ಇಲ್ಲಿ ಗುಂಡಿ ತೋಡಿದವನು ನಾನು."

ಅವಳು ಅರ್ಥವಾಗದೆ ಬಾಗಿಲಕ್ಕನ ಮುಖ ನೋಡಿದಳು.

"ಇಲ್ಲಿ ತೋಡಲಿಲ್ಲ. ಇದೊಂದು ಕಡೆ ತೋಡಲಿಲ್ಲ. ತೋಡಿದ್ದೀನಿ ಅಂತ ರುಜು ಹಾಕಿದೆ. ನಿಮ್ಮ ತಮ್ಮ ಬಿದ್ದ ಕಡೆ ಗುಂಡಿ ಇರ್ಲಿಲ್ಲ ತಾಯಿ. ಅವನು ಮಲಗೋಕೆ ಅಲ್ಲಿ ಜಾಗಾನೇ ಇರ್ಲಿಲ್ಲ."

ಒಂದು ರೈಲು ಬಂತು. ಸುರಂಗದ ಬಾಯಿಂದ ಅದು ಹೊರನುಗ್ಗುವ ಸದ್ದಿನಲ್ಲಿ ಮೂವರೂ ಹಾಗೇ ನಿಂತರು. ಫಲಕದ ಮೇಲೆ ಅದೇ ಎರಡು ಪದ ಮೂಡಿ ಮಿನುಗಿದವು. ಹೊಲಿಗೆಯವಳು ಅವನ್ನು ಓದಿದಳು. ರೈಲು ಹೊರಟು ಹೋಯಿತು.

"ಎಷ್ಟು ದಿನದ ಕೆಲಸ ಅದು?" ಎಂದು ಕೇಳಿದಳು.

"ನಾಲ್ಕು ದಿನ."

"ನಾಲ್ಕು ದಿನ," ಎಂದಳು ಅವಳು. ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಅವನು ಬಿದ್ದ ದಿನ ನೀವೆಲ್ಲಿದ್ರಿ ಯಜಮಾನ್ರೇ?"

"ಮನೇಲಿ. ಊಟ ಮಾಡ್ತಿದ್ದೆ."

"ಇಷ್ಟು ವರ್ಷ?"

ಅಪ್ಪ ಕೈ ಮುಗಿಯಲು ಹೋದ. "ಬೇಡ," ಎಂದಳು ಅವಳು, ಗಟ್ಟಿಯಾಗಿ ಅಲ್ಲ. "ಅದನ್ನ ಮಾಡ್ಬೇಡಿ. ನೀವು ಕೈ ಮುಗಿದ್ರೆ ನಾನು ಏನಾದ್ರೂ ಅನ್ಬೇಕಾಗುತ್ತೆ. ನನ್ನ ಹತ್ರ ಅನ್ನೋಕೆ ಏನೂ ಇಲ್ಲ." ಆಮೇಲೆ, "ಈಗ ನನಗೆ ಹೇಳಿದ್ದನ್ನ ಅವರಿಗೆ ಬರೆದು ಕೊಡ್ತೀರಾ? ಆ ಸಾಲು ತಿದ್ದಬೇಕು. ಅದೊಂದೇ ನನಗೆ ಬೇಕಾಗಿರೋದು," ಎಂದಳು.

"ಕೊಡ್ತೀನಿ ತಾಯಿ."

ಅವಳು ತಿರುಗಿ ಹೊರಟಳು. ಗಂಟೆ ಇನ್ನೂ ಮೂರೂಕಾಲು. ಅಷ್ಟು ಬೇಗ ಅವಳು ಎಂದೂ ಹೋದವಳಲ್ಲ. ಹತ್ತು ಹೆಜ್ಜೆ ಹೋದವಳು ನಿಂತು, ಹಿಂತಿರುಗದೆ, "ಅಂಚಿನಿಂದ ಹಿಂದೆ ಬನ್ನಿ," ಎಂದಳು. ಅಪ್ಪ ಹಿಂದೆ ಸರಿದ.

ಮಾಸ್ತರರ ಕೋಣೆಯಲ್ಲೇ ಅಪ್ಪ ಹೇಳಿಕೆ ಬರೆಸಿದ. ಮಾಸ್ತರರು ಬರೆಯುತ್ತ ಹೋದರು, ನಡುನಡುವೆ ಕನ್ನಡಕ ತೆಗೆದು ಒರೆಸಿಕೊಂಡರು. ಆ ತೀರ್ಮಾನವನ್ನು ಹತ್ತೊಂಬತ್ತು ವರ್ಷ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದವರು ಅವರು; ಒಂದು ಭಾನುವಾರವಾದರೂ ಟಾರ್ಚು ಹಿಡಿದು ಇಳಿದು ನೋಡಿದವರಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹೇಳಿಕೆಯ ಕೆಳಗೆ ತಮ್ಮದೂ ಒಂದು ಪ್ಯಾರಾ ಸೇರಿಸಿದರು.

ಅಗೆತ ಮೂರು ಭಾನುವಾರ ಹಿಡಿಯಿತು. ಯಂತ್ರ ಬಂದರೂ ಹಳೆಯ ಕಾಂಕ್ರೀಟು ಸುಲಭಕ್ಕೆ ಬಗ್ಗಲಿಲ್ಲ, ಪೈಪಿನ ಸುತ್ತ ಕೈಯಲ್ಲೇ ಒಡೆಯಬೇಕಾಯಿತು. ಅಪ್ಪ ಮೂರು ದಿನವೂ ಬಂದ. ತಲೆಗೊಂದು ಹೆಲ್ಮೆಟ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದರು. "ಪೈಪು ಎಡಕ್ಕೆ ಬಗ್ಗುತ್ತೆ, ನಿಧಾನ, ನಿಧಾನ," ಎಂದು ಅಲ್ಲಿಂದಲೇ ಹೇಳುತ್ತಿದ್ದ. ಅದು ಎಡಕ್ಕೇ ಬಗ್ಗಿತ್ತು. ಹುಡುಗರು ಮೊದಲು ಅವನನ್ನು ತಾತಾ ಎಂದು ಛೇಡಿಸುತ್ತಿದ್ದರು. ಆಮೇಲೆ ಕೇಳದೆ ಗುದ್ದಲಿ ಹಾಕುತ್ತಿರಲಿಲ್ಲ. ಒಂದು ಸಲವೂ ಅವನು ನಗಲಿಲ್ಲ.

ಕೊನೆಯ ಅಡಿ ಮುಗಿದ ಮರುದಿನ ಬಾಗಿಲಕ್ಕ ಪರೀಕ್ಷೆಗೆ ನಿಂತಳು. ಮೂರು ಹತ್ತರ ರೈಲು ಬಂತು. ಇಪ್ಪತ್ನಾಲ್ಕರ ದೀಪ ಹಸಿರಾಗಿಯೇ ಉಳಿಯಿತು. ಮುಂದಿನ ರೈಲಿಗೂ ಹಸಿರು, ಅದರ ಮುಂದಿನದಕ್ಕೂ. ದೀಪದವನು ಸೀಟಿ ಹೊಡೆದ, ಯಾರೋ ಚಪ್ಪಾಳೆ ತಟ್ಟಿದರು. ಬಾಗಿಲಕ್ಕ ಫಲಕವನ್ನೇ ನೋಡುತ್ತ ನಿಂತಳು. ಯಾರೋ ಈಗಷ್ಟೇ ಎದ್ದು ಹೋದ ಕುರ್ಚಿಯನ್ನು ನೋಡಿದಂತಾಯಿತು ಅವಳಿಗೆ. ನೆಲದ ಅದುರುವಿಕೆ ನಿಂತಿದೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಕಂಬದ ಪಕ್ಕ ಯಾರೂ ಇರಲಿಲ್ಲ. ಹೊಲಿಗೆಯವಳು ಅವತ್ತು ಹೋದವಳು ಮತ್ತೆ ಬಂದಿರಲಿಲ್ಲ. ಆದರೂ ಆ ಕಡೆ ಹೋಗುವವರು ಗಾಜಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲುತ್ತಿದ್ದರು, ಯಾರೋ ಹೇಳಿದಂತೆ.

ಎರಡು ತಿಂಗಳ ಮೇಲೆ ಮೇಲಿನ ಕಚೇರಿಯಿಂದ ಪತ್ರ ಬಂತು. ಮಾಸ್ತರರು ಅದನ್ನು ಅಂಚೆಗೆ ಹಾಕಲು ಒಪ್ಪದೆ ಬಾಗಿಲಕ್ಕನ ಕೈಗೆ ಕೊಟ್ಟರು. ಹೊಲಿಗೆಯ ಅಂಗಡಿ ಎರಡು ಬೀದಿಯಾಚೆ ಒಂದು ಮನೆಯ ಮುಂದಿನ ಕೋಣೆಯಲ್ಲಿತ್ತು. ಯಂತ್ರದ ಮೇಲೆ ಅರ್ಧ ಹೊಲಿದ ತೋಳು, ನೆಲದ ಮೇಲೆ ದಾರದ ತುಂಡುಗಳು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಒಂದು ಖಾಲಿ ಮಂಚ, ಅದರ ಮೇಲೆ ಸುಕ್ಕಿಲ್ಲದ ಹೊದಿಕೆ.

"ಕೂತ್ಕೋಮ್ಮಾ," ಎಂದು ಅವಳು ಬಟ್ಟೆಯ ಗಂಟು ಸರಿಸಿ ಜಾಗ ಮಾಡಿಕೊಟ್ಟಳು. ಲಕೋಟೆಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆರೆದಳು.

ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಸದರಿ ಸ್ಥಳದಲ್ಲಿ ಕಂದಕ ಇರಲಿಲ್ಲವೆಂದು ಈಗ ತಿಳಿದುಬಂದಿರುವುದರಿಂದ ಹಿಂದಿನ ತೀರ್ಮಾನವನ್ನು ರದ್ದುಪಡಿಸಿದೆ. ಮೃತರು ಹಳಿಗೆ ಬಿದ್ದ ಕಾರಣ ತಿಳಿದಿಲ್ಲ.

"ಬಿದ್ದ ಅಂತ ಬರೆದಿದ್ದಾರೆ," ಎಂದಳು ಅವಳು.

"ಹೌದಕ್ಕಾ. ಆದ್ರೆ ಕಾರಣ ತಿಳಿದಿಲ್ಲ ಅಂತಾನೂ ಇದೆ. ಜ್ವರ ಅಂತ ಬರೀರಿ ಅಂತ ಮಾಸ್ತರರು ತುಂಬಾ ಕೇಳಿಕೊಂಡ್ರು. ಸಾಕ್ಷಿ ಇಲ್ಲ ಅಂದ್ರಂತೆ."

"ತಿಳಿದಿಲ್ಲ ಅನ್ನೋದು ನಿಜಾನೇ ತಾನೇ. ನನಗೂ ತಿಳಿದಿಲ್ಲ." ಅವಳು ಪತ್ರವನ್ನು ಬೆಳಕಿಗೆ ಹಿಡಿದಳು. "ನಿಮ್ಮ ತಂದೆ ಹೇಗಿದ್ದಾರೆ?"

"ಇದ್ದಾರೆ. ನಿದ್ದೆ ಕಡಿಮೆ."

"ನನಗೂ ಕಡಿಮೆ. ಹಾಗಂತ ಹೇಳು ಅವರಿಗೆ," ಎಂದಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಬಾಗಿಲಕ್ಕನಿಗೆ ತಿಳಿಯಲಿಲ್ಲ, ಮನೆಗೆ ಹೋಗಿ ಅಪ್ಪನಿಗೆ ಹೇಳಿದಾಗ ಅವನಿಗೂ ತಿಳಿಯಲಿಲ್ಲ.

ಆಮೇಲೆ ಹೊಲಿಗೆಯವಳು ಎದ್ದು ಒಳಗಿನ ಕೋಣೆಯ ಹೊಸಿಲಲ್ಲಿ ನಿಂತಳು. ಖಾಲಿ ಮಂಚದ ಕಡೆ ಮುಖ ಮಾಡಿ ಪತ್ರವನ್ನು ಮೊದಲಿನಿಂದ ಕೊನೆಯ ತನಕ, ಕಚೇರಿಯ ವಿಳಾಸ, ತಾರೀಕು ಒಂದನ್ನೂ ಬಿಡದೆ ಓದಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಕಾದಳು.

"ಅಮ್ಮನಿಗೆ ಕಿವಿ ಮಂದ," ಎಂದು ಬಾಗಿಲಕ್ಕನ ಕಡೆ ತಿರುಗಿ ಹೇಳಿ, ಇನ್ನೊಂದು ಸಲ ಗಟ್ಟಿಯಾಗಿ ಓದತೊಡಗಿದಳು.